ಸಹಿ ಬಿದ್ದ ವಸ್ತು, ಅಂಕಿತ ಬಿದ್ದ ಹಾಡು

ದೊಡ್ಡ ಕಲಾವಿದರು ಬಳಸಿದ, ಅವರ ಸಹಿಯಿರುವ ವಸ್ತುಗಳನ್ನು ಕೂಡಿಡುವವರೆಲ್ಲ ದುಡ್ಡಿನ ಮೇಲೆ ಕಣ್ಣಿಟ್ಟವರು ಎನ್ನುವುದು ಅನ್ಯಾಯ. ಹಾಡು ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಏನಾದರೂ ಉಳಿಯಲಿ ಎಂಬ ಹಂಬಲಕ್ಕೆ ಒಂದು ಪೆನ್ನೋ ಕೋಟೋ ವಾದ್ಯವೋ ಆಸರೆಯಾಗುತ್ತದೆ. ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ವರ್ಷಗಟ್ಟಲೆ ನುಡಿಸಿದ 'ಬ್ಲಾಕಿ' ಎಂಬ ಗಿಟಾರು 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಹಣ ಆಂಟಿಗಾದಲ್ಲಿ ಅವರೇ ಸ್ಥಾಪಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ ಸಂದಿತು. ಇದರಲ್ಲಿ ನಾನು ತಪ್ಪು ಹುಡುಕಲಾರೆ.

ನನ್ನ ತಕರಾರು ಸಹಿಯ ಬಗ್ಗೆ. ಈ ಕೈ ಇದನ್ನು ಮುಟ್ಟಿತ್ತು ಎಂಬುದಷ್ಟೇ ಸಹಿಯ ಸಾಕ್ಷ್ಯ. ಒಮ್ಮೆಯೂ ನುಡಿಸದ ಹೊಸ ಗಿಟಾರಿಗೂ ಸಹಿ ಹಾಕಿಸಿ ಮಾರುವುದುಂಟು. ಬೆರಳು ಸವೆಸಿದ ಮರ ಯಾವುದು, ಅಂಗಡಿಯಿಂದ ಆಗತಾನೇ ಬಂದ ಮರ ಯಾವುದು ಎಂದು ಸಹಿ ಹೇಳುವುದಿಲ್ಲ. ಅದು ವಸ್ತುವಿಗೆ ಒಬ್ಬ ಒಡೆಯನನ್ನು ಹುಡುಕಿಕೊಡುತ್ತದೆ, ಅಷ್ಟೆ.

ನಮ್ಮ ಸೀಮೆ ಬೇರೊಂದು ಬಗೆಯ ಸಹಿಯನ್ನು ಬಲ್ಲದು. ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವ ತಮ್ಮ ಹಾಡುಗಳಿಗೆ 'ಭೀಮೇಶಕೃಷ್ಣ' ಎಂಬ ಅಂಕಿತವಿಟ್ಟರು. ಅದು ಆರಾಧ್ಯದೈವದ ಹೆಸರು, ಆದರೂ ಕೇಳಿದವರಿಗೆ ಹಾಡು ಭೀಮವ್ವನದೆಂದು ತಿಳಿಯುತ್ತದೆ. ಹೆಂಗಸರು ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಹಾಡಿದಷ್ಟು ಸಲ ಆ ಸಹಿ ಹೊಸದಾಗಿ ಬೀಳುತ್ತದೆ. ಬಾಯಿಂದ ಬಾಯಿಗೆ ಹೋದಷ್ಟೂ ಗಟ್ಟಿಯಾಗುವ ಈ ಸಹಿಯನ್ನು ಯಾರೂ ಕಪಾಟಿಗೆ ಸೇರಿಸಲಾರರು.

ಹಾಗೆಂದು ವಸ್ತುವಿಗೆ ಬೆಲೆಯಿಲ್ಲವೆಂದಲ್ಲ. ಹಗರಿಬೊಮ್ಮನಹಳ್ಳಿಗೆ ನೆರೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯವರ ತಂಡ ಸೇರಿ ಜೋಗತಿ ಕುಣಿತ ಕಲಿತರು, ಗುರುವಿನ ನಂತರ ತಂಡವನ್ನು ತಾವೇ ನಡೆಸಿದರು, 2021ರಲ್ಲಿ ಪದ್ಮಶ್ರೀ ಪಡೆದರು. ತಲೆಯ ಮೇಲೆ ಕೊಡ, ಕಂಕುಳಲ್ಲಿ ಚೌಡಿಕೆ ಇಲ್ಲದೆ ಆ ಕಲೆಯೇ ಇಲ್ಲ. ಆದರೆ ಚೌಡಿಕೆಗೆ ಘನತೆ ಬರುವುದು ಮುಂದಿನವಳು ಅದನ್ನು ಎತ್ತಿಕೊಂಡಾಗ. ಗಾಜಿನೊಳಗಿಟ್ಟರೆ ಅದರ ತಂತಿ ಸಡಿಲಾಗುತ್ತದೆ, ಚರ್ಮ ಒಣಗುತ್ತದೆ. ನೋಡಲು ಬಂದವರಿಗೆ ಅದರ ದನಿ ಹೇಗಿತ್ತೆಂಬುದೇ ತಿಳಿಯುವುದಿಲ್ಲ.

ಸಂಗ್ರಹಕಾರರಿಲ್ಲದಿದ್ದರೆ ಎಷ್ಟೋ ವಸ್ತು ಗುಜರಿ ಪಾಲಾಗುತ್ತಿತ್ತು ಎಂಬ ಮಾತು ನಿಜ, ಅದನ್ನು ಒಪ್ಪಲೇಬೇಕು. ಪ್ರಶ್ನೆಯಿರುವುದು ಕಾಪಾಡಿದ್ದು ಯಾರಿಗಾಗಿ ಎಂಬುದರಲ್ಲಿ. ಗಾಂಧೀಜಿ ಹರಿಜನ ನಿಧಿಗೆ 5 ರೂಪಾಯಿ ಪಡೆದು ಸಹಿ ಕೊಡುತ್ತಿದ್ದರು. ಆ ಸಹಿಗಳು ಮನೆಮನೆಯ ಪೆಟ್ಟಿಗೆಗಳಿಗೆ ಹೋದವು. ಕೂಡ್ಲಿಗಿಯಲ್ಲಿ ಅವರ ಚಿತಾಭಸ್ಮವಿಟ್ಟು ಕಟ್ಟಿದ ಸ್ಮಾರಕವಿದೆ. ಬೂದಿಗೆ ಸಹಿಯಿಲ್ಲ, ಊರಿನ ನಂಬಿಕೆಯೇ ಅದರ ಪ್ರಮಾಣಪತ್ರ. ಯಾರ ಸ್ವತ್ತೂ ಅಲ್ಲದ್ದರಿಂದ ಎಲ್ಲರೂ ಹೋಗಿ ನಿಲ್ಲಬಹುದು. ಈ ಎರಡರಲ್ಲಿ ನನ್ನ ಮನಸ್ಸು ಒಲಿಯುವುದು ಕೂಡ್ಲಿಗಿಯ ಕಡೆಗೆ.

ಹಡಗಲಿ, ಕೊಟ್ಟೂರು ಕಡೆಯ ಹಳ್ಳಿಗಳಲ್ಲಿ ನಾಟಕದ ಮೇಷ್ಟ್ರುಗಳು ಬಿಟ್ಟುಹೋದ ಹಾರ್ಮೋನಿಯಂಗಳು, ಕೈಬರಹದ ನಾಟಕದ ಪ್ರತಿಗಳು ಅಟ್ಟ ಸೇರಿವೆ. ನಾಳೆ ಅವುಗಳಿಗೂ ಗಿರಾಕಿ ಬರಬಹುದು. ಕೊಳ್ಳಲಿ, ಆದರೆ ಕೊಂಡವರು ವರ್ಷಕ್ಕೊಮ್ಮೆಯಾದರೂ ಹಾರ್ಮೋನಿಯಂ ಪೆಟ್ಟಿಗೆಯನ್ನು ಅದೇ ಊರಿಗೆ ತಂದು, ಕಲಿಯುವ ಹುಡುಗರ ಕೈಗೆ ಕೊಡುವ ಕರಾರಿಗೆ ಒಪ್ಪಬೇಕು.