ಪಾಠ ಬಂತು, ಪ್ರಶ್ನೆ ಬರಲಿಲ್ಲ

ಆನ್‌ಲೈನ್ ಬೋಧನೆಗೆ ಬಳಸುವ ಮೂಡಲ್ ತಂತ್ರಾಂಶದಲ್ಲಿರುವ ಕೋರ್ಸೊಂದನ್ನು ಬೇರೆಡೆಗೆ ಒಯ್ಯಬೇಕಾದರೆ ಮೊದಲು ಬ್ಯಾಕಪ್ ತೆಗೆಯಬೇಕು. ಇಡೀ ಕೋರ್ಸು ಒಂದೇ ಕಡತವಾಗಿ ಕೈಗೆ ಬರುತ್ತದೆ. ಅದನ್ನು ಬಿಚ್ಚಿ ನೋಡುವ ಗೋಜಿಗೆ ಹೆಚ್ಚಿನ ಅಧ್ಯಾಪಕರು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ಬಿಚ್ಚಿದವರಿಗೆ ಒಂದು ಸೋಜಿಗ ಕಾದಿರುತ್ತದೆ. ‘ಮೂರನೆಯ ಪಾಠ’ ಎಂದು ಹೆಸರಿಟ್ಟು ಏರಿಸಿದ್ದ ಪಿಡಿಎಫ್ ಬ್ಯಾಕಪ್ಪಿನೊಳಗೆ ಆ ಹೆಸರಿನಲ್ಲಿ ಇರುವುದೇ ಇಲ್ಲ. ಅಲ್ಲಿರುವುದು ಅಂಕಿ ಅಕ್ಷರ ಬೆರೆತ 40 ಚಿಹ್ನೆಗಳ ಒಂದು ಸಾಲು. ಕಡತದೊಳಗಿನ ವಿಷಯವನ್ನೇ ಲೆಕ್ಕ ಹಾಕಿ ಯಂತ್ರ ಇಟ್ಟ ಹೆಸರು ಅದು. ವಿಷಯದಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಈ ಹೆಸರು ಪೂರ್ತಿ ಬೇರೆಯಾಗುತ್ತದೆ. ಅದೇ ಪಿಡಿಎಫನ್ನು ನಾಲ್ಕು ಕಡೆ ಹಾಕಿದ್ದರೂ ಒಳಗೆ ಉಳಿಯುವುದು ಒಂದೇ ಪ್ರತಿ. ಅಧ್ಯಾಪಕರು ಇಟ್ಟ ಹೆಸರು, ಅದು ಯಾವ ಅಧ್ಯಾಯಕ್ಕೆ ಸೇರಿದ್ದು ಎಂಬ ವಿವರ ಮತ್ತೊಂದು ಪಟ್ಟಿಯಲ್ಲಿರುತ್ತದೆ. ನಾಮ ಒಂದು ಕಡೆ, ವಸ್ತು ಒಂದು ಕಡೆ. ಹೊಸ ಜಾಗದಲ್ಲಿ ಎರಡೂ ಮತ್ತೆ ಕೂಡಿಕೊಂಡಾಗ ಪಾಠ ಬಂದು ತಲುಪಿತು ಎನ್ನುತ್ತೇವೆ.

ಈ ಕೆಲಸವನ್ನು ಯಂತ್ರ ಅಚ್ಚುಕಟ್ಟಾಗಿ ಮಾಡುತ್ತದೆ. ನನ್ನನ್ನು ಕಾಡುವುದು ಬ್ಯಾಕಪ್ ಶುರುವಾಗುವ ಮೊದಲು ಅದು ಕೇಳುವ ಒಂದು ಪ್ರಶ್ನೆ: ದಾಖಲಾದ ವಿದ್ಯಾರ್ಥಿಗಳನ್ನೂ ಸೇರಿಸಬೇಕೆ? ಪುಟ್ಟ ಚೌಕದಲ್ಲಿ ಒಂದು ಗುರುತು, ಅಷ್ಟೆ. ಗುರುತು ತೆಗೆದರೆ ಚರ್ಚಾ ವೇದಿಕೆಗಳು ಹೊಸ ಜಾಗಕ್ಕೆ ಹೋಗುತ್ತವೆ. ಅವುಗಳ ತಲೆಬರಹ ಇರುತ್ತದೆ, ವಿವರಣೆ ಇರುತ್ತದೆ, ಒಳಗೆ ನಡೆದ ಮಾತು ಇರುವುದಿಲ್ಲ.

ಮೂಡಲ್‌ನಿಂದ ಬೇರೆಯೇ ತಂತ್ರಾಂಶಕ್ಕೆ ಹೋಗುವುದಾದರೆ ಈ ಆಯ್ಕೆಯೂ ಉಳಿಯುವುದಿಲ್ಲ. ಇಂಥ ಕಲಿಕಾ ವೇದಿಕೆಗಳ ನಡುವೆ ಕೋರ್ಸು ಸಾಗಿಸಲೆಂದೇ ‘ಕಾಮನ್ ಕಾರ್ಟ್ರಿಜ್’ ಎಂಬ ಸಮಾನ ಮಾದರಿಯೊಂದು 2008ರಲ್ಲಿ ಬಂತು. ಪುಟಗಳು, ಕಡತಗಳು, ಕೊಂಡಿಗಳು, ರಸಪ್ರಶ್ನೆಗಳು, ಚರ್ಚೆಗೆ ಅಧ್ಯಾಪಕರು ಕೊಟ್ಟ ವಿಷಯ ಇವೆಲ್ಲ ಅದರಲ್ಲಿ ಹೋಗುತ್ತವೆ. ಪ್ರಶ್ನೆಗಳಲ್ಲೂ ಕೆಲವು ಬಗೆಗಳಿಗೆ ಮಾತ್ರ ಜಾಗ. ಬಹುಆಯ್ಕೆ, ಸರಿ-ತಪ್ಪು, ಬಿಟ್ಟ ಸ್ಥಳ ತುಂಬಿ, ಪ್ರಬಂಧ ಇವೆ. ನಾವೆಲ್ಲ ಶಾಲೆಯಲ್ಲಿ ಗೆರೆ ಎಳೆದು ಉತ್ತರಿಸಿದ ‘ಹೊಂದಿಸಿ ಬರೆಯಿರಿ’ ಆ ಪಟ್ಟಿಯಲ್ಲಿಲ್ಲ. ವಿದ್ಯಾರ್ಥಿ ಬರೆದದ್ದಂತೂ ಯಾವುದೂ ಇಲ್ಲ. ಅದು ಕಣ್ತಪ್ಪಿ ಬಿಟ್ಟದ್ದಲ್ಲ. ಕೋರ್ಸು ಎಂದರೆ ಅಧ್ಯಾಪಕರು ಇಟ್ಟದ್ದು ಎಂದು ಮಾದರಿ ರೂಪಿಸಿದವರೇ ನಿರ್ಧರಿಸಿದ್ದಾರೆ.

ಈ ನಿರ್ಧಾರ ಅರ್ಧ ಸರಿ. ಒಬ್ಬ ಹುಡುಗಿ ಮೊದಲ ಸೆಮಿಸ್ಟರ್‌ನಲ್ಲಿ ತಡವರಿಸುತ್ತ ಬರೆದ ಉತ್ತರ, ಅವಳ ಅಂಕ, ಅವಳ ಹೆಸರು ಮುಂದಿನ ವರ್ಷದವರ ಕಣ್ಣಿಗೆ ಬೀಳಬಾರದು. ಅವು ಅವಳವು. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ.

ನನಗೆ ಪರಿಚಯವಿರುವ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರ ಕೋರ್ಸಿನಲ್ಲಿ ಉಪ್ಪಿನ ಬಗ್ಗೆ ಒಂದು ಚರ್ಚೆ ನಡೆಯಿತು. ಉಪ್ಪು ನೀರಿನಲ್ಲಿ ಕರಗುವುದು ಭೌತಿಕ ಬದಲಾವಣೆ, ಏಕೆಂದರೆ ನೀರನ್ನು ಆರಿಸಿದರೆ ಉಪ್ಪು ಮರಳಿ ಸಿಗುತ್ತದೆ ಎಂದು ಟಿಪ್ಪಣಿಯಲ್ಲಿತ್ತು. ಒಬ್ಬ ವಿದ್ಯಾರ್ಥಿ ಕೇಳಿದ: ಹರಳಿನಲ್ಲಿ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನು ಬಂಧ ಹಿಡಿದಿಟ್ಟಿತ್ತು, ನೀರಿನಲ್ಲಿ ಅವು ಬೇರೆಯಾದವು, ಬಂಧ ಮುರಿದ ಮೇಲೂ ಭೌತಿಕ ಅನ್ನುವುದು ಹೇಗೆ? ಇನ್ನೊಬ್ಬಳು ಸಕ್ಕರೆಯನ್ನು ತಂದಳು. ಸಕ್ಕರೆಯ ಅಣು ಮುರಿಯದೆಯೇ ಕರಗುತ್ತದಲ್ಲ, ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬಹುದೇ? ಮರಳಿ ಸಿಗುವುದೇ ಲಕ್ಷಣವಾದರೆ ಹಿಂದಕ್ಕೂ ನಡೆಯಬಲ್ಲ ರಾಸಾಯನಿಕ ಕ್ರಿಯೆಗಳನ್ನು ಏನೆನ್ನಬೇಕು ಎಂದು ಮೂರನೆಯವನು ಸೇರಿಸಿದ. ಭೌತಿಕ–ರಾಸಾಯನಿಕ ಎಂಬ ಗೆರೆ ನಾವು ಅನುಕೂಲಕ್ಕೆ ಎಳೆದುಕೊಂಡದ್ದು, ಪ್ರಕೃತಿ ಅದನ್ನು ಎಲ್ಲ ಕಡೆಯೂ ಗೌರವಿಸುವುದಿಲ್ಲ ಎಂದು ಕೊನೆಗೆ ಅಧ್ಯಾಪಕಿ ಬರೆದರು. ಆ ಕೋರ್ಸಿನ ಅತ್ಯುತ್ತಮ ಪುಟ ಅದು. ವೇದಿಕೆ ಬದಲಾದಾಗ ‘ಉಪ್ಪು ಕರಗುವುದು ಭೌತಿಕ ಬದಲಾವಣೆ’ ಎಂಬ ಟಿಪ್ಪಣಿ ಸುರಕ್ಷಿತವಾಗಿ ಹೋಯಿತು. ಅದನ್ನು ಪ್ರಶ್ನಿಸಿದ ಮಾತು ಹಿಂದೆ ಉಳಿಯಿತು.

ಮೂಡಲ್ ಹುಟ್ಟಿದ್ದೇ ಮಾತುಕತೆಯ ಮೇಲಿನ ನಂಬಿಕೆಯಿಂದ ಎಂಬುದನ್ನು ನೆನೆದರೆ ಬೇಸರ ಇನ್ನೂ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಪರ್ತ್‌ನ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದಾಗ ಅವರ ಸಂಶೋಧನೆಯ ತಿರುಳು ಇದೇ ಆಗಿತ್ತು: ಜ್ಞಾನ ಒಬ್ಬರಿಂದ ಒಬ್ಬರಿಗೆ ಸುರಿಯುವಂಥದ್ದಲ್ಲ, ಜನ ಕೂಡಿ ಕಟ್ಟಿಕೊಳ್ಳುವಂಥದ್ದು.

ಹಾಗಾದರೆ ಒಂದು ಅರಿವಿನ ರಾಶಿಯನ್ನು ಹೊಸ ಪಾತ್ರೆಗೆ ಸುರಿಯುವಾಗ ಮಾತುಕತೆಯನ್ನು ಏನು ಮಾಡಬೇಕು? ನಮ್ಮಲ್ಲಿ ಇದಕ್ಕೊಂದು ದೊಡ್ಡ ಉತ್ತರವಿದೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಶೂನ್ಯಸಂಪಾದನೆಯಾಗಿ ಜೋಡಿಸಿದ. ಒಬ್ಬೊಬ್ಬ ವಚನಕಾರರ ವಚನಗಳನ್ನು ಒಂದೊಂದು ಕಟ್ಟಾಗಿ ಕಟ್ಟಿಟ್ಟಿದ್ದರೂ ಸಾಕಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವನು ಹಾಗೆ ಮಾಡದೆ ಅಲ್ಲಮನ ಎದುರು ಉಳಿದ ಶರಣರನ್ನು ಕೂರಿಸಿ ವಚನಗಳನ್ನು ಪ್ರಶ್ನೆ-ಉತ್ತರ, ಸವಾಲು-ಮರುಸವಾಲುಗಳಾಗಿ ಹೆಣೆದ. ಅಕ್ಕಮಹಾದೇವಿ ಅನುಭವ ಮಂಟಪಕ್ಕೆ ಬಂದಾಗ ಅಲ್ಲಮ ಅವಳನ್ನು ಪರೀಕ್ಷಿಸುವ ಭಾಗ ಓದಿದವರಿಗೆ ಗೊತ್ತು, ಬಿಡಿಯಾಗಿ ಓದುವಾಗ ಕಾಣದ ಕಾವು ಎದುರುಬದುರು ಇಟ್ಟಾಗ ಆ ಮಾತುಗಳಿಗೆ ಬರುತ್ತದೆ. ಅವನ ನಂತರ ಬೇರೆ ಸಂಪಾದಕರು ಆ ಕೃತಿಯನ್ನು ಪರಿಷ್ಕರಿಸಿದರು, ಹಿಗ್ಗಿಸಿದರು. ಸಂವಾದದ ಚೌಕಟ್ಟನ್ನು ಯಾರೂ ಕೈಬಿಡಲಿಲ್ಲ.

ತಂತ್ರಾಂಶಕ್ಕೆ ಈ ವಿವೇಕ ಇಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಮಹದೇವಯ್ಯ ಓದಿದ, ಆರಿಸಿದ, ಜೋಡಿಸಿದ. ನಾವು ಸ್ಥಳಾಂತರವನ್ನು ತಾಂತ್ರಿಕ ವಿಭಾಗದ ಕೆಲಸವೆಂದು ಬಗೆದು ಓದುವ ಹಂತವನ್ನೇ ಬಿಟ್ಟುಬಿಟ್ಟಿದ್ದೇವೆ. ಕಣ್ಣಿಗೆ ಕಾಣುವ ನಷ್ಟವನ್ನಷ್ಟೇ ಸರಿಪಡಿಸುತ್ತೇವೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಕನ್ನಡ ಟಿಪ್ಪಣಿ ಹೊಸ ವೇದಿಕೆಯಲ್ಲಿ ಅರ್ಥವಾಗದ ರೋಮನ್ ಚಿಹ್ನೆಗಳಾಗಿ ನಿಂತಾಗ ಕೂಡಲೇ ಗೊತ್ತಾಗುತ್ತದೆ, ಯಾರಾದರೂ ಯೂನಿಕೋಡಿಗೆ ತಿರುಗಿಸುತ್ತಾರೆ. ಚರ್ಚೆ ಕಳೆದುಹೋದದ್ದು ಕಾಣುವುದೇ ಇಲ್ಲ, ಖಾಲಿ ಚರ್ಚಾ ವೇದಿಕೆ ಹೊಚ್ಚಹೊಸದರಂತೆ ಕಾಣುತ್ತದೆ.

ಗಡುವು ಬಂದ ಮೇಲೆ ಓದಲು ವ್ಯವಧಾನ ಸಿಗುವುದಿಲ್ಲ. ಅಂತರ್ಜಾಲದಲ್ಲಿ ಕೋರ್ಸುಗಳನ್ನು ನಡೆಸುವ ಕೋರ್ಸೆರಾ ಸಂಸ್ಥೆ ತನ್ನ ಹಳೆಯ ವೇದಿಕೆಯನ್ನು 2016ರ ಜೂನ್ 30ರಂದು ಮುಚ್ಚಿದಾಗ ಕಲಿಯುವವರು ಕೊನೆಯ ದಿನಗಳಲ್ಲಿ ವಿಡಿಯೊಗಳನ್ನು ಇಳಿಸಿಕೊಳ್ಳಲು ಮುಗಿಬಿದ್ದರು. ಅಂಥ ಅವಸರದಲ್ಲಿ ಯಾರೇ ಆದರೂ ಉಪನ್ಯಾಸವನ್ನು ಮೊದಲು ಎತ್ತಿಕೊಳ್ಳುತ್ತಾರೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮ ಕಾಲೇಜು ವೇದಿಕೆ ಬದಲಿಸುತ್ತದೆ ಎಂದು ತಿಳಿದ ದಿನವೇ ಹಳೆಯ ಚರ್ಚೆಗಳನ್ನು ಓದಲು ಕುಳಿತುಕೊಳ್ಳಿ. ಹೆಸರು, ಅಂಕ, ದಿನಾಂಕ ತೆಗೆದುಹಾಕಿ. ಪಾಠವನ್ನು ಅಲುಗಾಡಿಸಿದ ಪ್ರಶ್ನೆಗಳನ್ನು ಆರಿಸಿಕೊಂಡು, ಅವು ಯಾವ ಸಾಲನ್ನು ಕೆಣಕಿದವೋ ಆ ಸಾಲಿನ ಕೆಳಗೇ ಪಾಠದ ಭಾಗವಾಗಿ ಬರೆದುಬಿಡಿ. ಪಾಠದೊಳಗೆ ಸೇರಿದ್ದು ಯಾವ ಮಾದರಿಯ ಕಡತದಲ್ಲಾದರೂ ಸಾಗುತ್ತದೆ.