ಜೀವ ಉಂಡು, ತೂಕ

ಆಟಿ ತಿಂಗಳ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ, ಮರ ಕೊಯ್ಯುವ ಮೆಷಿನನ್ನು ಗೋಣಿಯಲ್ಲಿ ಸುತ್ತಿಕೊಂಡು ಕಾರ್ಕಳ ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಹದಿನೆಂಟು ವರ್ಷದ ಮೆಷಿನ್. ಹಗ್ಗ ಎಳೆದರೆ ಒಂದಿಂಚೂ ಬರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಗುಜರಿಗೆ ಹಾಕಿ, ಹೊಸದು ತನ್ನಿ.

ಅಂಗಡಿಯವರು ಏನೂ ಕೇಳಲಿಲ್ಲ. ಮೆಷಿನನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸೈಲೆನ್ಸರ್ ಬಿಚ್ಚಿದರು. ಹೊಗೆ ಹೊರಬರುವ ಆ ಕಿಂಡಿಗೆ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಪ್ಲಗ್ ತೆಗೆದು ಮೇಲಿನಿಂದ ನೋಡಿದರು. “ಜೀವ ಉಂಡು, ತೂಕ” ಎಂದರು. ಜೀವ ಇದೆ, ನೋಡುವ. ತುಳುವಿನ ‘ತೂಕ’ಕ್ಕೆ ನೋಡೋಣ ಎಂದು ಅರ್ಥ. ಕನ್ನಡದ ಕಿವಿಗೆ ಅದು ತಕ್ಕಡಿಯ ತೂಕದಂತೆಯೂ ಕೇಳುತ್ತದೆ. ಆ ಹೊತ್ತಿಗೆ ನನಗೆ ಎರಡೂ ಕೇಳಿಸಿದವು.

ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕನ್ನಡದಲ್ಲಿ ಹಾಲು ಕೆಡುತ್ತದೆ, ಯಂತ್ರ ಕೆಡುತ್ತದೆ, ಹುಡುಗರೂ ಕೆಡುತ್ತಾರೆ. ಆದರೆ ಅದೇ ಭಾಷೆಯಲ್ಲಿ ಲೆಕ್ಕ ಸರಿಯಾಗುತ್ತದೆ, ಜಗಳವಾಡಿದ ಅಣ್ಣತಮ್ಮಂದಿರು ಸರಿಯಾಗುತ್ತಾರೆ, ಜ್ವರ ಬಿಟ್ಟವನು ಸರಿಯಾಗುತ್ತಾನೆ. ಕೆಟ್ಟದ್ದು ಸರಿಯಾದೀತು ಎಂಬ ನಿರೀಕ್ಷೆಯನ್ನು ನಮ್ಮ ಹಿರಿಯರು ಮಾತಿನಲ್ಲೇ ಇಟ್ಟುಹೋಗಿದ್ದಾರೆ. ‘ಮುಗಿಯಿತು’ ಎನ್ನುವುದು ಬೇರೆಯೇ ಮಾತು. ಅದನ್ನು ಹೇಳುವ ಮೊದಲು ಯಾರಾದರೂ ಬಿಚ್ಚಿ ನೋಡಿರಬೇಕು. ನಾವು ಬಿಚ್ಚಿರಲಿಲ್ಲ. ವಯಸ್ಸು ಎಷ್ಟೆಂದು ಎಣಿಸಿ ತೀರ್ಪು ಕೊಟ್ಟಿದ್ದೆವು, ಅಷ್ಟೆ.

ತಪ್ಪು ನನ್ನದು. ಈ ಎಂಜಿನ್ನಿಗೆ ಎಣ್ಣೆಯ ಬೇರೆ ತೊಟ್ಟಿ ಇಲ್ಲ. ಲೀಟರ್ ಪೆಟ್ರೋಲಿಗೆ 20 ಮಿಲಿ ಲೀಟರ್ ಟೂಟಿ ಆಯಿಲ್ ಬೆರೆಸಬೇಕು. ನಿಮಿಷಕ್ಕೆ 12–13 ಸಾವಿರ ಸುತ್ತು ತಿರುಗುವಾಗ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವುದು ಆ ಎಣ್ಣೆಯ ತೆಳು ಪಸೆ ಮಾತ್ರ. ಬೈಕಿಗೆಂದು ತಂದಿಟ್ಟ ಕ್ಯಾನಿನಿಂದ ಬರೀ ಪೆಟ್ರೋಲನ್ನು ಅವಸರದಲ್ಲಿ ಸುರಿದಿದ್ದೆ. ಸ್ವಲ್ಪ ಹೊತ್ತು ಓಡಿ, ಒಮ್ಮೆ ಕಿರುಚಿ ನಿಂತಿತು. ನಿಂಬೆಹಣ್ಣಿನಷ್ಟು ದಪ್ಪದ ಪಿಸ್ಟನ್ ಕಾದು, ಅದರ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಹಿಡಿದುಕೊಂಡಿತ್ತು.

ಮರುದಿನ ಹೋದಾಗ ಸಿಲಿಂಡರ್ ಮೇಜಿನ ಮೇಲಿತ್ತು. ಒಳಗೋಡೆಯಲ್ಲಿ ಎರಡು ಬೂದು ಗೀರು. ಅವರು ಕಡ್ಡಿಗೆ ಹತ್ತಿ ಸುತ್ತಿ ಆಸಿಡ್‌ನಲ್ಲಿ ಅದ್ದಿ ಗೀರಿನ ಮೇಲೆ ಮಾತ್ರ ಹಚ್ಚಿದರು. ಸಣ್ಣ ನೊರೆ ಎದ್ದಿತು. ಒರೆಸಿದರು, ಮತ್ತೆ ಹಚ್ಚಿದರು. ಐದಾರು ಸಲ ಹೀಗೆಯೇ. ಕೊನೆಗೆ ನೊರೆ ಬರುವುದು ನಿಂತಿತು. ನೀರಲ್ಲಿ ತೊಳೆದು, ನಯವಾದ ಎಮರಿ ಪೇಪರ್ ಆಡಿಸಿ, ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ನಿಕ್ಕಲ್ ಲೇಪದ ಗಟ್ಟಿ ಗೋಡೆ ಹಾಗೆಯೇ ಇತ್ತು. “ಸಿಲಿಂಡರಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ಅಂಟಿದ್ದು ಪಿಸ್ಟನಿಂದು.” ನಾವು ಸಾವೆಂದುಕೊಂಡದ್ದು ಬರೀ ಅಂಟಿಕೊಂಡದ್ದಾಗಿತ್ತು.

ಪಿಸ್ಟನ್, ರಿಂಗ್ ಹೊಸದು ಬಂತು. ಕಾರ್ಬೊರೇಟರಿನ ಡಯಾಫ್ರಾಮ್ ಹಪ್ಪಳದಂತೆ ಗಟ್ಟಿಯಾಗಿತ್ತು, ಅದೂ ಬದಲಾಯಿತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಮೆಷಿನನ್ನು ಅಟ್ಟಕ್ಕೆ ಏರಿಸುವುದು ಅದಕ್ಕೆ ವಿಷ ಕುಡಿಸಿದ ಹಾಗೆ. ಇದನ್ನು ಅವರು ಬೈದು ಹೇಳಲಿಲ್ಲ, ವಿವರಿಸಿ ಹೇಳಿದರು.

ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಹೊಸ ಮೆಷಿನ್ ಮನೆಬಾಗಿಲಿಗೆ ಬರುವಾಗ ರಿಪೇರಿಯ ಲೆಕ್ಕ ಎಷ್ಟೋ ಸಲ ತಾಳೆಯಾಗುವುದಿಲ್ಲ. ಕೇಂದ್ರ ಸರಕಾರ 2022ರಲ್ಲಿ ರಿಪೇರಿಯ ಹಕ್ಕಿನ ಮಾತೆತ್ತಿದಾಗ ಕೃಷಿ ಉಪಕರಣಗಳನ್ನೂ ಪಟ್ಟಿಯಲ್ಲಿ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ ಹಕ್ಕು ಇದ್ದರೆ ಸಾಲದು, ಕಿಂಡಿಯೊಳಗೆ ಟಾರ್ಚ್ ಹಿಡಿಯುವ ಕಣ್ಣೊಂದು ಊರಿನಲ್ಲಿ ಉಳಿದಿರಬೇಕು.

ಗುಜರಿಗೆ ಹಾಕಿದರೆ ಹಾಳೇನೂ ಆಗುವುದಿಲ್ಲ, ಲೋಹ ಕರಗಿ ಮತ್ತೊಂದಾಗುತ್ತದೆ ಎಂದು ಗೆಳೆಯರೊಬ್ಬರು ವಾದಿಸಿದರು. ನಿಜ. ಛಾಂದೋಗ್ಯ ಉಪನಿಷತ್ತಿನ ಮಣ್ಣಿನ ದೃಷ್ಟಾಂತವೂ ಅದನ್ನೇ ಹೇಳುತ್ತದೆ: ಮಡಕೆ, ಕುಡಿಕೆ ಎಲ್ಲ ಬರೀ ಹೆಸರು, ಮಣ್ಣೊಂದೇ ಸತ್ಯ. ಬ್ರಹ್ಮದ ವಿಚಾರಕ್ಕೆ ಆ ಮಾತು ಸರಿಯೇ ಇರಬಹುದು. ಕುಂಬಾರನ ಕೈಗೆ ಮಾತ್ರ ಅದು ಒಗ್ಗುವುದಿಲ್ಲ. ಅವನ ಆಯುಸ್ಸು ಸವೆದದ್ದು ಆಕಾರದಲ್ಲಿ. ನಮ್ಮೂರಿನ ಗುಡ್ಡದ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ ಕಲ್ಲೇ ತಾನೆ? ಅದೇ ಊರಿನ ಸುತ್ತ ಕಲ್ಲುಕೋರೆಗಳಿವೆ, ಕ್ರಷರ್‌ಗಳಿವೆ. ಅಲ್ಲಿ ಬಂಡೆ ಜಲ್ಲಿಯಾದರೂ ಕಲ್ಲಿನ ಒಂದು ಕಣವೂ ಲೋಕದಿಂದ ಮಾಯವಾಗುವುದಿಲ್ಲ. ಆದರೂ ಆ ಎರಡೂ ಒಂದೇ ಎಂದು ಕಾರ್ಕಳದ ಒಂದು ಮಗುವೂ ಹೇಳದು.

ಮೆಷಿನಿನ ಚೈನಿನ ಹಲ್ಲಿಗೆ ಅರ ಹಾಕುವಾಗೆಲ್ಲ ಆಕಾರದ ಈ ಮಾತು ನೆನಪಾಗುತ್ತದೆ. ಆ ಹಲ್ಲು ನೆಟ್ಟಗಿಲ್ಲ, ಕೊಕ್ಕೆಯಂತೆ ಒಳಕ್ಕೆ ಬಾಗಿದೆ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ ಬೊಡ್ಡೆಯೊಂದನ್ನು ಸೀಳಿದಾಗ ಒಳಗೊಂದು ಹುಳು ಕಂಡಿತು. ದುಂಬಿಯ ಮರಿಹುಳು. ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನೆ ಕೊರೆಯುತ್ತಿತ್ತು. ಅದರ ಬಾಗಿದ ದವಡೆಯನ್ನು ನೋಡಿ ಆತ ಚೈನಿನ ಹಲ್ಲಿಗೆ ಆ ರೂಪ ಕೊಟ್ಟ. ಇವತ್ತಿನ ಚೈನುಗಳ ಮೂಲ ಅದೇ. ನಮ್ಮ ಹಳೆಯ ಮಾವಿನ ಮರಗಳನ್ನು ಕೊರೆಯುವ ಹುಳುವೂ ಅದರ ನೆಂಟನೇ. ಹುಳು ಕಲಿತದ್ದನ್ನು ಮನುಷ್ಯ ನೋಡಿ ಕಲಿತ, ಕಲಿತದ್ದು ಉಕ್ಕಿನಲ್ಲಿ ಉಳಿಯಿತು. ಕರಗಿಸುವಾಗ ನಾವು ಕಳೆದುಕೊಳ್ಳುವುದು ಇಂಥದ್ದನ್ನು.

ಇಷ್ಟೆಲ್ಲ ಬರೆದ ಮೇಲೂ ಒಂದು ಅಳುಕು ಉಳಿದಿದೆ. ನಾನು ಆಯುಸ್ಸು ಹೆಚ್ಚಿಸಿದ್ದು ಯಾವುದರದ್ದು? ಅರುವತ್ತು ವರ್ಷದ ಮರವನ್ನು ಕೆಲವೇ ನಿಮಿಷದಲ್ಲಿ ಮಲಗಿಸುವ ಯಂತ್ರದ್ದು. ಇಬ್ಬರು ಎದುರು ಬದುರು ಕೂತು ದಿನವಿಡೀ ಗರಗಸ ಎಳೆಯುತ್ತಿದ್ದ ಕಾಲದಲ್ಲಿ ಮರ ಕಡಿಯುವ ಮುನ್ನ ಮನಸ್ಸು ಬದಲಾಗಲು ಹೊತ್ತಿತ್ತು. ಈ ಮೆಷಿನ್ ಆ ಹೊತ್ತನ್ನು ಕಸಿದುಕೊಂಡಿದೆ. ಇದನ್ನು ಬದುಕಿಸಿದವನಿಗೆ ಇನ್ನೊಂದು ಹೊಣೆ ಬರುತ್ತದೆ ಎಂದು ನನಗೆ ಅನಿಸಿದ್ದು ಅದು ಮನೆಗೆ ಬಂದ ಮೇಲೆ.

ಅಂಗಳದ ಬದಿಯ ಹಲಸಿನ ಮರದ ದೊಡ್ಡ ಗೆಲ್ಲೊಂದು ಆ ಮಳೆಗೆ ಮುರಿದು, ತೊಗಟೆಯಲ್ಲಿ ಜೋತಾಡುತ್ತಿತ್ತು. ಮೆಷಿನ್ ಓಡಿದ್ದು, ಕಿರುಚಿ ನಿಂತದ್ದು ಅದಕ್ಕಾಗಿಯೇ. ಮರ ಮುದಿಯಾಯಿತು, ಬುಡದಿಂದಲೇ ತೆಗೆಸುವ ಎಂದು ಮನೆಯಲ್ಲಿ ಮಾತಾಗಿತ್ತು. ನಾನೂ ಹೂಂಗುಟ್ಟಿದ್ದೆ. ಈಗ ಆ ಮಾತು ಗಂಟಲಿಗೆ ಸಿಕ್ಕಿಕೊಂಡಿತು. ಮೆಷಿನ್ ಹಿಡಿಯಲು ಬಂದ ಹಿರಿಯರ ಹತ್ತಿರ, ಮೊದಲು ಒಮ್ಮೆ ನೋಡಿ ಹೇಳಿ ಎಂದೆ. ಅವರು ಕತ್ತಿಯ ಹಿಡಿಯಿಂದ ಬುಡದ ಸುತ್ತ ಬಡಿಯುತ್ತ ಕಿವಿಗೊಟ್ಟು ಬಂದರು. ಪಡುವಣ ಬದಿಯಲ್ಲಿ ಮೊಣಕಾಲೆತ್ತರದಲ್ಲಿ ಸದ್ದು ಬೇರೆಯಾಯಿತು. ಮತ್ತೆ ಬಡಿದರು. “ಇಲ್ಲಿ ಸ್ವಲ್ಪ ಟೊಳ್ಳು ಉಂಟು. ಬೀಳುವ ಮರ ಅಲ್ಲ ಇದು.”

ಗೆಲ್ಲನ್ನು ಮಾತ್ರ ತೆಗೆದರು. ತೊಗಟೆ ಸೀಳಿ ಕೆಳಗಿಳಿಯದ ಹಾಗೆ ಮೊದಲು ಅಡಿಯಿಂದ ಒಂದು ಗಾಯ, ಆಮೇಲೆ ಮೇಲಿನಿಂದ. ಅರಸಿನ ಬಣ್ಣದ ಪುಡಿ ಅಂಗಳದ ಪಾಚಿಯ ಮೇಲೆ ಉದುರಿತು. ಮೇಣ ಸುರಿದು ಚೈನಿಗೆಲ್ಲ ಮೆತ್ತಿಕೊಂಡಿತು.

ಸಂಜೆ ಜಗಲಿಯಲ್ಲಿ ಕೂತು ಚೈನ್ ಬಿಚ್ಚಿ, ತೆಂಗಿನೆಣ್ಣೆಯ ಬಟ್ಟೆಯಿಂದ ಒಂದೊಂದೇ ಹಲ್ಲು ಒರೆಸಿದೆ. ಟ್ಯಾಂಕಿನ ಪೆಟ್ರೋಲನ್ನು ಹೊಸ ಕ್ಯಾನಿಗೆ ಬಸಿದೆ. ಕ್ಯಾನಿನ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಎಣ್ಣೆ ಬೆರೆಸಿದ್ದು.