ಸಹಿಯೂ ಸಮ್ಮತಿಯೂ

ಆಸ್ಪತ್ರೆಯಲ್ಲಿ ಸಹಿ ಹಾಕುವುದು ನಮಗೆ ಹೊಸತಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಒಂದು, ಅರಿವಳಿಕೆಗೆ ಇನ್ನೊಂದು, ಬಿಡುಗಡೆಯ ಹೊತ್ತಿಗೆ ಮತ್ತೊಂದು. ನರ್ಸಮ್ಮ ಬೆರಳಿಟ್ಟು ತೋರಿಸಿದಲ್ಲಿ ಹೆಸರು ಬರೆದು ಕೊಡುತ್ತೇವೆ. ಈ ಕಾಗದಗಳ ನಡುವೆ ಒಮ್ಮೊಮ್ಮೆ ಬೇರೆ ಬಗೆಯದೊಂದು ಬಂದಿರುತ್ತದೆ. ಅದು ರೋಗಿಗೆ ಚಿಕಿತ್ಸೆ ನೀಡಲು ಕೇಳುವ ಒಪ್ಪಿಗೆಯಲ್ಲ. ರೋಗಿಯ ದೇಹದಿಂದ ವೈದ್ಯರು ಏನನ್ನಾದರೂ ಕಲಿಯಲು ಕೇಳುವ ಒಪ್ಪಿಗೆ. ನೋಡಲು ಎರಡೂ ಒಂದೇ. ಕೇಳುವವರೂ ಅದೇ ವೈದ್ಯರು. ಆದರೆ ನೀತಿಯ ದೃಷ್ಟಿಯಿಂದ ಎರಡರ ನಡುವೆ ಅಜಗಜಾಂತರವಿದೆ. ಆ ಅಂತರ ಯಾವುದು, ಅದನ್ನು ದಾಟುವ ವೈದ್ಯನ ಹೊಣೆ ಏನು, ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಅದರಲ್ಲಿ ವಿಶೇಷವೇನು ಎಂಬುದನ್ನು ಯೋಚಿಸಬೇಕಾಗಿದೆ.

ಪ್ರಯೋಗವೆಂದೊಡನೆ ನಮ್ಮಲ್ಲಿ ಅನೇಕರಿಗೆ ಇಲಿ, ಮೊಲಗಳ ನೆನಪಾಗುತ್ತದೆ. ‘ನಮ್ಮನ್ನು ಮೊಲ ಮಾಡಬೇಡಿ’ ಎಂದು ಸಿಟ್ಟಿನಿಂದ ಹೇಳುವವರಿದ್ದಾರೆ. ಈ ಸಿಟ್ಟಿಗೆ ಕಾರಣವಿಲ್ಲವೆಂದಲ್ಲ. ಆದರೆ ಇಂದು ನಾವು ನುಂಗುವ ಪ್ರತಿಯೊಂದು ಗುಳಿಗೆಯನ್ನೂ ಅದರ ಫಲ ಏನೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಯಾರೋ ಒಬ್ಬರು ಮೊದಲು ನುಂಗಿದ್ದಾರೆ. ನಮ್ಮ ಮಕ್ಕಳಿಗೆ ಹಾಕಿಸುವ ಲಸಿಕೆಯನ್ನು ಬೇರೆ ಯಾರದೋ ಮಕ್ಕಳಿಗೆ ಮೊದಲು ಹಾಕಿಸಲಾಗಿದೆ. ಸಂಶೋಧನೆಯೇ ಬೇಡವೆಂದರೆ, ಇನ್ನೊಬ್ಬರು ಹೊತ್ತ ಅಪಾಯದ ಫಲವನ್ನು ಮಾತ್ರ ಉಂಡು, ನಮ್ಮ ಸರದಿ ಬಂದಾಗ ಬಾಗಿಲು ಹಾಕಿಕೊಂಡಂತೆ. ಆದ್ದರಿಂದ ಪ್ರಶ್ನೆ ಸಂಶೋಧನೆ ಬೇಕೋ ಬೇಡವೋ ಎಂಬುದಲ್ಲ. ಅದು ಹೇಗೆ ನಡೆಯಬೇಕು ಎಂಬುದು.

ಇದಕ್ಕೆ ಉತ್ತರ ಹುಡುಕಲು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಒಂದೇ ಆಸ್ಪತ್ರೆಯಲ್ಲಿ, ಒಂದೇ ರೋಗದ ಬಗ್ಗೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದ ಎರಡು ಪ್ರಯೋಗಗಳ ಕತೆ ಸಾಕು. ಆಸ್ಪತ್ರೆ, 1981ರಲ್ಲಿ ಸ್ಥಾಪನೆಯಾದ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್. ರೋಗ, ವೀಳ್ಯದೊಡನೆ ಹೊಗೆಸೊಪ್ಪು ಜಗಿಯುವ ನಮ್ಮ ಸೀಮೆಗೆ ಚೆನ್ನಾಗಿ ಪರಿಚಯವಿರುವ ಬಾಯಿಯ ಕ್ಯಾನ್ಸರ್.

ಮೊದಲನೆಯದು 1996ರ ಸುಮಾರಿಗೆ ಆರಂಭವಾಯಿತು. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳನ್ನು ಆರಿಸಿ, ಅವುಗಳಲ್ಲಿ ಏಳರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ 35 ವರ್ಷ ಮೀರಿದವರ ಬಾಯಿಯನ್ನು ಬೆಳಕು ಹಾಯಿಸಿ ನೋಡಿದರು. ಸಂಶಯ ಬಂದವರನ್ನು ವೈದ್ಯರ ಬಳಿ ಕಳುಹಿಸಿದರು. ಉಳಿದ ಆರು ಪಂಚಾಯತುಗಳಲ್ಲಿ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಒಟ್ಟು 1,91,000ಕ್ಕೂ ಮಿಕ್ಕ ಜನ ಇದರ ವ್ಯಾಪ್ತಿಯಲ್ಲಿದ್ದರು. ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಬಾಯಿ ನೋಡಿದ ಪಂಚಾಯತುಗಳಲ್ಲಿ ಈ ರೋಗದಿಂದ ಸಾಯುವವರ ಪ್ರಮಾಣ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲದೆ, ಕಣ್ಣು ಮತ್ತು ಬೆಳಕಿನಿಂದಲೇ ಜೀವ ಉಳಿಸಬಹುದೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ಇಲ್ಲಿಯೂ ಒಂದು ನೈತಿಕ ಪ್ರಶ್ನೆ ಇದೆ. ಬಾಯಿ ನೋಡದೆ ಬಿಟ್ಟ ಆರು ಪಂಚಾಯತುಗಳವರು ಮಾಡಿದ ಪಾಪವೇನು? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆದರೆ ಹೀಗೆ ನೋಡುವುದರಿಂದ ಸಾವು ಕಡಿಮೆಯಾಗುತ್ತದೆಂದು ಆರಂಭದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲದ ರೋಗದ ಭಯ ಹುಟ್ಟಿಸಿ, ಬೇಡದ ಚುಚ್ಚುಕೊಯ್ತಕ್ಕೆ ದಾರಿಯಾಗುವ ಸಾಧ್ಯತೆಯೂ ಇತ್ತು. ಅವರಿಗೆ ಮೊದಲಿದ್ದ ಸೌಲಭ್ಯವನ್ನು ಯಾರೂ ಕಸಿದುಕೊಳ್ಳಲೂ ಇಲ್ಲ. ಎರಡರಲ್ಲಿ ಯಾವುದು ಒಳ್ಳೆಯದೆಂದು ನಿಜವಾಗಿಯೂ ಗೊತ್ತಿಲ್ಲದಿರುವಾಗ ಮಾತ್ರ ಹೋಲಿಸಿ ನೋಡುವುದು ನ್ಯಾಯ. ಗೊತ್ತಾದ ಮೇಲೂ ಹೋಲಿಸುತ್ತಾ ಕುಳಿತರೆ ಅದು ಅನ್ಯಾಯ.

ಎರಡನೆಯ ಪ್ರಯೋಗ ನಡೆದದ್ದು 1999-2000ರಲ್ಲಿ. ಮರುಭೂಮಿಯ ಒಂದು ಪೊದೆಯಲ್ಲಿ ಸಿಗುವ ವಸ್ತುವಿನಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ರೂಪಿಸಿದ ರಾಸಾಯನಿಕವನ್ನು, ಈ ಕೇಂದ್ರಕ್ಕೆ ಬಂದ ಬಾಯಿ ಕ್ಯಾನ್ಸರಿನ ಕೆಲವು ರೋಗಿಗಳ ಗೆಡ್ಡೆಯೊಳಕ್ಕೆ ಚುಚ್ಚಲಾಯಿತು. ರೋಗಿಗಳ ಸಂಖ್ಯೆ ದೊಡ್ಡದಲ್ಲ, ಎರಡು ಡಜನಿನ ಆಸುಪಾಸು. 2001ರಲ್ಲಿ ಅದೇ ಕೇಂದ್ರದ ವೈದ್ಯರೊಬ್ಬರು ದನಿಯೆತ್ತಿದ್ದರಿಂದ ವಿಷಯ ಹೊರಬಿತ್ತು. ವಿಶ್ವವಿದ್ಯಾಲಯ ತಾನೇ ವಿಚಾರಣೆ ನಡೆಸಿ, ಆ ವರ್ಷದ ನವೆಂಬರಿನಲ್ಲಿ ತಪ್ಪನ್ನು ಒಪ್ಪಿಕೊಂಡಿತು. ತನ್ನ ನೀತಿ ಸಮಿತಿಯ ಅನುಮತಿ ಪಡೆದಿರಲಿಲ್ಲ. ಮನುಷ್ಯರ ಮೇಲೆ ಬಳಸುವ ಮುನ್ನ ಪ್ರಾಣಿಗಳಲ್ಲಿ ಸಾಕಷ್ಟು ಪರೀಕ್ಷೆ ನಡೆದಿರಲಿಲ್ಲ. ರೋಗಿಗಳಿಗೆ ತಿಳಿಸಬೇಕಾದಷ್ಟು ತಿಳಿಸಿರಲಿಲ್ಲ. ಆ ವಿಜ್ಞಾನಿ ಮುಂದೆ ಮನುಷ್ಯರ ಮೇಲಿನ ಸಂಶೋಧನೆಯ ಮುಂದಾಳತ್ವ ವಹಿಸಬಾರದೆಂದು ನಿರ್ಬಂಧ ಹಾಕಲಾಯಿತು.

ಇಂಥ ಪ್ರಕರಣ ಬಂದಾಗಲೆಲ್ಲ ಚರ್ಚೆ ಒಂದೇ ಕಡೆಗೆ ಹರಿಯುತ್ತದೆ: ರೋಗಿಗಳಿಗೆ ಹಾನಿಯಾಯಿತೇ? ಆಗಲಿಲ್ಲವೆಂದು ಒಬ್ಬರು, ಆಯಿತೆಂದು ಇನ್ನೊಬ್ಬರು. ನನ್ನ ಅಭಿಪ್ರಾಯದಲ್ಲಿ ಹಾನಿಯ ಪ್ರಶ್ನೆ ಮುಖ್ಯವಾದರೂ ಮೊದಲನೆಯದಲ್ಲ. ಒಂದು ಉದಾಹರಣೆ ನೋಡಿ. ನೆರೆಮನೆಯಾಕೆ ತೀರ್ಥಯಾತ್ರೆಗೆ ಹೊರಟಾಗ ತನ್ನ ಚಿನ್ನದ ಸರವನ್ನು ನಿಮ್ಮ ಕೈಯಲ್ಲಿ ಇಟ್ಟುಹೋದಳೆನ್ನೋಣ. ನೀವು ಅದನ್ನು ಯಾರದೋ ಮದುವೆಗೆ ತೊಡಲು ಕೊಟ್ಟು, ಆಕೆ ಬರುವ ಮೊದಲೇ ತರಿಸಿ, ಒರಸಿ, ಪೆಟ್ಟಿಗೆಯಲ್ಲಿಟ್ಟಿರಿ. ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಆದರೂ ನೀವು ಮಾಡಿದ್ದು ಸರಿಯೇ? ಸರ ಹಾಳಾಯಿತೋ ಇಲ್ಲವೋ ಎಂಬುದರ ಮೇಲೆ ಆ ತಪ್ಪು ನಿಂತಿಲ್ಲ. ಕಾಯಲೆಂದು ಕೊಟ್ಟದ್ದನ್ನು ಬಳಸಿದಿರಿ ಎಂಬುದರ ಮೇಲೆ ನಿಂತಿದೆ. ರೋಗಿ ವೈದ್ಯನಿಗೆ ಒಪ್ಪಿಸುವ ದೇಹವೂ ಇಂಥ ಇಡುಗಂಟು. ‘ನನ್ನನ್ನು ಗುಣಪಡಿಸಿ’ ಎಂಬ ಒಂದೇ ಉದ್ದೇಶಕ್ಕೆ ಕೊಟ್ಟದ್ದು. ಅದನ್ನು ಇನ್ನೊಂದು ಉದ್ದೇಶಕ್ಕೆ, ಅದು ಎಷ್ಟೇ ಉದಾತ್ತವಾಗಿರಲಿ, ಕೇಳದೆ ಬಳಸಿದರೆ ನಂಬಿಕೆ ಅಲ್ಲಿಗೆ ಮುರಿಯಿತು.

ಇದಕ್ಕೆ ವೈದ್ಯರ ಕಡೆಯಿಂದ ಬರುವ ಉತ್ತರಗಳನ್ನೂ ಗೌರವದಿಂದ ಕೇಳಬೇಕು. ಹೊರರೋಗಿ ವಿಭಾಗದಲ್ಲಿ ನೂರಾರು ಜನ ಕಾಯುತ್ತಿರುವಾಗ ಒಬ್ಬೊಬ್ಬರಿಗೂ ವಿವರಿಸಲು ಹೊತ್ತೆಲ್ಲಿದೆ? ಎಲ್ಲವನ್ನೂ ಹೇಳಿದರೆ ರೋಗಿ ಹೆದರಿ ಚಿಕಿತ್ಸೆಯನ್ನೇ ಬಿಟ್ಟುಹೋದರೆ? ಎಲ್ಲಕ್ಕಿಂತ ಗಟ್ಟಿಯಾದದ್ದು ಮೂರನೆಯ ಮಾತು. ನಮ್ಮ ರೋಗಿಗಳೇ ‘ನನಗೇನು ಗೊತ್ತು ಡಾಕ್ಟ್ರೇ, ನೀವು ಹೇಳಿದ ಹಾಗೆ’ ಎನ್ನುತ್ತಾರಲ್ಲ, ಅದು ಸಮ್ಮತಿಯಲ್ಲವೇ?

ಹೊತ್ತಿಲ್ಲವೆಂಬುದು ಚಿಕಿತ್ಸೆಯ ಮಟ್ಟಿಗೆ ನಿಜ. ಸಂಶೋಧನೆಯ ಮಟ್ಟಿಗೆ ಅಲ್ಲ. ಚುಚ್ಚಲು, ಅಳೆಯಲು, ಬರೆದಿಡಲು ಹೊತ್ತು ಇರುವವರಿಗೆ ಹೇಳಲು ಮಾತ್ರ ಹೊತ್ತಿಲ್ಲವೆಂದರೆ ಹೇಗೆ? ಹೆದರಿಕೆಯ ಮಾತೂ ಹಾಗೆಯೇ. ಹೇಳಿದರೆ ಒಪ್ಪಲಾರರು ಎಂದು ಗೊತ್ತಿದ್ದೇ ಹೇಳದಿದ್ದರೆ, ಅದು ಅವರ ‘ಬೇಡ’ವನ್ನು ಮೊದಲೇ ಕೇಳಿಸಿಕೊಂಡು ಅದನ್ನು ಮೀರಿದಂತೆ. ಇನ್ನು ‘ನೀವು ಹೇಳಿದ ಹಾಗೆ’ ಎಂಬ ಮಾತು. ಅದರಲ್ಲಿರುವ ನಂಬಿಕೆ ದೊಡ್ಡದು, ಆದ್ದರಿಂದಲೇ ಅದನ್ನು ಜೋಪಾನ ಮಾಡಬೇಕು. ಅದು ಗುಣಪಡಿಸುವ ವೈದ್ಯನಿಗೆ ಹೇಳಿದ ಮಾತು. ಕಲಿಯಲು ಹೊರಟ ವೈದ್ಯ ಆ ಗಳಿಗೆಯಲ್ಲಿ ‘ಅಮ್ಮಾ, ಇಲ್ಲಿ ನಾನು ನಿಮ್ಮ ಒಬ್ಬರ ಹಿತವನ್ನು ಮಾತ್ರ ನೋಡುತ್ತಿಲ್ಲ, ನನಗೆ ತಿಳಿಯಬೇಕಾದದ್ದೂ ಒಂದಿದೆ’ ಎಂದು ಹೇಳಬೇಕು. ಅದನ್ನು ಕೇಳಿದ ಮೇಲೂ ಆಕೆ ‘ಆಗಲಿ’ ಎಂದರೆ ಅದು ಸಮ್ಮತಿ. ಮಗ ಅಥವಾ ಗಂಡ ಆಕೆಯ ಪರವಾಗಿ ‘ಆಗಲಿ’ ಎಂದರೆ ಸಾಲದು. ದೇಹ ಆಕೆಯದು.

ಈಗ ಭಾಷೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ 2019ರ ಹೊಸ ಔಷಧ ಮತ್ತು ಔಷಧ ಪ್ರಯೋಗ ನಿಯಮಗಳೂ ಒಂದು ವಿಷಯದಲ್ಲಿ ಸ್ಪಷ್ಟವಾಗಿವೆ: ಮಾಹಿತಿ ಕೊಡಬೇಕಾದದ್ದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ಓದಲು ಬಾರದವರಿದ್ದರೆ, ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಜತೆಗಿರಬೇಕು. ಗಡಿಯಲ್ಲಿರುವ ನಮಗೆ ಇದರ ತೂಕ ಬೇಗ ತಿಳಿಯುತ್ತದೆ. ಮಲಯಾಳದಲ್ಲಿ ‘ಪರಿಶೋಧನ’ ಎಂದರೆ ವೈದ್ಯರು ರೋಗಿಯನ್ನು ನೋಡುವುದು. ರಕ್ತಪರಿಶೋಧನ ದಿನನಿತ್ಯದ ಮಾತು. ‘ಪರೀಕ್ಷಣಂ’ ಎಂದರೆ ಪ್ರಯೋಗ. ಕನ್ನಡದಲ್ಲಿ ಇದು ಬಹುಮಟ್ಟಿಗೆ ತಿರುಗುಮುರುಗು. ರಕ್ತ ನೋಡುವುದು ನಮಗೆ ‘ಪರೀಕ್ಷೆ’. ‘ಪರಿಶೋಧನೆ’ ಎಂದರೆ ಏನನ್ನೋ ಹುಡುಕಿ ತೆಗೆಯುವ ಕೆಲಸ. ‘ಮರುನ್ನು ಪರೀಕ್ಷಣಂ’ ಎಂಬ ಮಾತು ಕನ್ನಡ ಕಿವಿಗೆ ಬಿದ್ದರೆ, ಮದ್ದು ಕೊಡುವ ಮೊದಲು ಏನೋ ಪರೀಕ್ಷೆ ಮಾಡುತ್ತಾರೆ ಎಂದು ತೋರುತ್ತದೆಯೇ ಹೊರತು, ಮದ್ದನ್ನೇ ತನ್ನ ಮೇಲೆ ಪ್ರಯೋಗಿಸುತ್ತಾರೆ ಎಂದು ತೋರಲಾರದು. ಪೂರ್ತಿ ಅಪರಿಚಿತವಾದ ಭಾಷೆಯಾದರೆ ‘ನನಗೆ ತಿಳಿಯಲಿಲ್ಲ’ ಎಂದಾದರೂ ಹೇಳುತ್ತೇವೆ. ಅರ್ಧ ತಿಳಿದ ಭಾಷೆಯಲ್ಲಿ ತಿಳಿಯಿತೆಂದುಕೊಂಡೇ ಸಹಿ ಹಾಕುತ್ತೇವೆ. ಸೋದರ ಭಾಷೆಗಳ ಅಪಾಯ ಇದೇ.

ಕನ್ನಡದಲ್ಲಿ ಅಚ್ಚಾದ ಕಾಗದ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಗೆ ಓದುವ ಭಾಷೆ ಕನ್ನಡವಾದರೆ, ನೋವು ಹೇಳಿಕೊಳ್ಳುವ ಭಾಷೆ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಆಗಿರುತ್ತದೆ. ಆದ್ದರಿಂದ ಸಮ್ಮತಿಯ ಅಳತೆಗೋಲು ಯಾವ ಲಿಪಿಯಲ್ಲಿ ಸಹಿಯಾಯಿತು ಎಂಬುದಲ್ಲ. ಸಹಿ ಹಾಕುವ ಮೊದಲು ರೋಗಿ ಒಂದಾದರೂ ಮರುಪ್ರಶ್ನೆ ಕೇಳಲು ಸಾಧ್ಯವಾಯಿತೇ ಎಂಬುದು. ಪ್ರಶ್ನೆ ಕೇಳಲಾಗದವನ ‘ಹೂಂ’ ಒಪ್ಪಿಗೆಯಲ್ಲ, ಮರ್ಯಾದೆ ಮಾತ್ರ.

ಸಂಶೋಧನೆ ನಮ್ಮ ಊರಿಗೇ ಬಂದದ್ದೂ ಉಂಟು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಸಿಂಪಡಿಸಿದ ಮೇಲೆ, ಎಣ್ಮಕಜೆಯ ಪಡ್ರೆಯಲ್ಲಿ ರೋಗಗಳು ಅಸಹಜವಾಗಿ ಹೆಚ್ಚಿದ್ದನ್ನು ಮೊದಲು ಗಮನಿಸಿ ಬರೆದಿಟ್ಟವರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಅವರ ಬಳಿ ದೊಡ್ಡ ಪ್ರಯೋಗಶಾಲೆ ಇರಲಿಲ್ಲ. ರೋಗಿಗಳನ್ನು ಮನೆಮನೆಯಾಗಿ ಬಲ್ಲ ಕಣ್ಣು ಇತ್ತು. ಸಂಶೋಧನೆ ಎಂದರೆ ಮೊದಲು ಈ ಗಮನವೇ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂದು ಪಡ್ರೆಯ ಶಾಲಾಮಕ್ಕಳನ್ನೂ, ಹೋಲಿಕೆಗಾಗಿ ಮೀಂಜದ ಮಕ್ಕಳನ್ನೂ ಪರೀಕ್ಷಿಸಿತು. 2003ರಲ್ಲಿ ಪ್ರಕಟವಾದ ಇಂಗ್ಲಿಷ್ ಲೇಖನದಲ್ಲಿ ಸಿಂಪಡಣೆಗೆ ಒಳಗಾದ ಊರಿನ 117 ಹುಡುಗರೂ ಹೋಲಿಕೆಯ 90 ಹುಡುಗರೂ ಇದ್ದಾರೆ. ಗಂಡುಮಕ್ಕಳ ಪ್ರಾಯಕ್ಕೆ ಬರುವ ಬೆಳವಣಿಗೆಯನ್ನು ಈ ವಿಷ ತಡಮಾಡಬಹುದು ಎಂಬುದು ಅದರ ತೀರ್ಮಾನ.

ಆ ಲೇಖನದ ಸಾರಾಂಶದ ಕೊನೆಯಲ್ಲಿ ಲೇಖಕರೇ ಹೇಳಿಕೊಂಡ ಮಿತಿಗಳು ಎರಡು: ಸಂಖ್ಯೆ ಸಣ್ಣದು, ಭಾಗವಹಿಸದವರಿದ್ದರು. ವಿಜ್ಞಾನದ ದೃಷ್ಟಿಯಲ್ಲಿ ಇದೊಂದು ಕೊರತೆ. ನೀತಿಯ ದೃಷ್ಟಿಯಲ್ಲಿ ನನಗೆ ಇದು ಆ ಲೇಖನದ ಮಾನವಂತ ಸಾಲು. ದೇಹವನ್ನು ಅಪರಿಚಿತರಿಗೆ ತೋರಿಸಬೇಕಾದ ಪರೀಕ್ಷೆಗೆ ಹತ್ತು ಹದಿನೈದರ ಹುಡುಗನೊಬ್ಬ ‘ಬೇಡ’ ಎಂದರೆ, ಅದನ್ನು ಒತ್ತಾಯದಿಂದ ತುಂಬಿಸಿಕೊಳ್ಳದೆ, ಖಾಲಿ ಜಾಗವನ್ನು ಖಾಲಿಯೆಂದೇ ಬರೆಯಬೇಕು. ‘ಬೇಡ’ ಎನ್ನುವ ಅವಕಾಶ ಇದ್ದಲ್ಲಿ ಮಾತ್ರ ‘ಆಗಲಿ’ ಎಂಬುದಕ್ಕೆ ಬೆಲೆ.

ಅದೇ ಪಡ್ರೆ ನಮ್ಮ ಮುಂದಿಡುವ ಇನ್ನೊಂದು ಪ್ರಶ್ನೆಯಿದೆ: ಮರಳಿ ಏನು ಬಂತು? 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅಧ್ಯಯನಗಳಿಂದ ಜನರ ದೂರಿಗೆ ಬಲ ಬಂದದ್ದು ನಿಜ. ಆದರೆ ತಾಯಿಯ ಪ್ರಶ್ನೆ ಸರಾಸರಿಯದಲ್ಲ. ‘ನನ್ನ ಮಗನ ರಕ್ತದಲ್ಲಿ ಏನು ಕಂಡಿತು, ಇನ್ನು ಏನು ಮಾಡಬೇಕು?’ ಎಂಬುದು ಆಕೆಯ ಪ್ರಶ್ನೆ. ರಕ್ತ ಕೊಟ್ಟ ಮನೆಗೆ, ಆ ಮನೆಯ ಭಾಷೆಯಲ್ಲಿ ಉತ್ತರವನ್ನು ತಲುಪಿಸುವುದೂ ಸಂಶೋಧನೆಯ ಭಾಗವೇ. ಸಾಲ ಪಡೆದವನು ಬಂದು ‘ನಿಮ್ಮ ದುಡ್ಡಿನಿಂದ ಊರಿಗೆ ಒಳ್ಳೆಯದಾಯಿತು’ ಎಂದು ಹೇಳಿ ಹೋದರೆ ಸಾಲ ತೀರುವುದಿಲ್ಲ.

ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜು ಬೆಳೆದಂತೆ ಸಂಶೋಧನೆಯೂ ಬರುತ್ತದೆ. ಬರಲಿ. ನಮ್ಮ ರೋಗಗಳನ್ನು ನಮ್ಮ ನಡುವೆ ಕುಳಿತು ತಿಳಿಯುವವರು ಬೇಕು. ಕಾಗದ ಕೈಗೆ ಬಂದಾಗ ನಾವು ಕೇಳಬೇಕಾದದ್ದು ನಾಲ್ಕೇ ಮಾತು. ಇದು ನನ್ನ ಚಿಕಿತ್ಸೆಯೋ, ನಿಮ್ಮ ಕಲಿಕೆಯೋ? ಬೇಡವೆಂದರೆ ನನ್ನ ಚಿಕಿತ್ಸೆಗೆ ತೊಂದರೆಯುಂಟೇ? ಕೆಡುಕಾದರೆ ಹೊಣೆ ಯಾರದು? ತಿಳಿದದ್ದನ್ನು ನನಗೆ ಯಾವ ಭಾಷೆಯಲ್ಲಿ ಹೇಳುತ್ತೀರಿ? ಒಳ್ಳೆಯ ವೈದ್ಯ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬೇಸರಿಸಿದರೆ ಪೆನ್ನನ್ನು ಕೆಳಗಿಡಲು ನಮಗೆ ಅಡ್ಡಿಯಿಲ್ಲ.